ಪೈಪ್ ತಂಬಾಕಿಗೆ ರಮ್ಮಿನ ಘಮ ಹಿಡಿಸುವ ಬಗೆ

ಈ ಕೆಲಸದಲ್ಲಿ ಎಲ್ಲರೂ ಯಾವ ರಮ್ ಅಂತ ಕೇಳುತ್ತಾರೆ. ನನ್ನ ಗಮನವೆಲ್ಲ ನೀರಿನ ಮೇಲೆ. ಶೇ 40 ಆಲ್ಕೋಹಾಲ್ ಇರುವ ರಮ್ಮಿನಲ್ಲಿ ಉಳಿದದ್ದು ಹೆಚ್ಚುಕಡಿಮೆ ನೀರೇ ಅಲ್ವಾ? ಒಂದು ಟೀ ಚಮಚ, ಅಂದರೆ 5 ಮಿ.ಲೀ. ಹಾಕಿದರೆ ಸುಮಾರು 3 ಮಿ.ಲೀ. ನೀರು ಹಾಕಿದ ಹಾಗೆ. ಆಲ್ಕೋಹಾಲ್ ಬೇಗ ಆರಿಹೋಗುತ್ತದೆ, ನೀರು ಎಲೆಯಲ್ಲೇ ಕೂರುತ್ತದೆ. ಆಮೇಲೆ ಪೈಪ್ ಗೊರಗೊರ ಅನ್ನುತ್ತದೆ, ಬಿಸಿ ಹಬೆ ನಾಲಿಗೆ ಸುಡುತ್ತದೆ.

ಅದಕ್ಕೇ ಮೊದಲು ತಂಬಾಕನ್ನು ಒಣಗಿಸಿ. 50 ಗ್ರಾಂ ತೆಗೆದುಕೊಂಡು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ನೆರಳಲ್ಲಿಡಿ. ಮುಟ್ಟಿದರೆ ಗರಿಗರಿ ಅನ್ನಬೇಕು, ಪುಡಿಯಾಗಬಾರದು.

ಎಲೆ ಬರ್ಲಿ ಎಂಬ ಬಗೆಯ ತಂಬಾಕಿನದಾದರೆ ಒಳ್ಳೆಯದು. ಅದರಲ್ಲಿ ಸಕ್ಕರೆ ತೀರಾ ಕಡಿಮೆ, ಹಾಕಿದ್ದನ್ನು ಚೆನ್ನಾಗಿ ಹೀರುತ್ತದೆ. ವರ್ಜೀನಿಯಾ ತಂಬಾಕಿಗೆ ತನ್ನದೇ ಸಿಹಿ ಇದೆ, ಅದನ್ನು ಬರ್ಲಿಗೆ ಸ್ವಲ್ಪ ಬೆರೆಸಿದರೆ ಸಾಕು. ಲಟಾಕಿಯಾ ಮಾತ್ರ ಬೇಡ. ಹೊಗೆಯಲ್ಲಿ ಒಣಗಿಸಿದ ಆ ಎಲೆಯ ಘಾಟಿನ ಮುಂದೆ ರಮ್ ಮೂಗಿಗೇ ಸಿಗುವುದಿಲ್ಲ.

ಇನ್ನು ರಮ್. ಓಕ್ ಪೀಪಾಯಿಯಲ್ಲಿ ಮಾಗಿದ ಡಾರ್ಕ್ ರಮ್ ನನಗಿಷ್ಟ. ಬರ್ಬನ್ ವಿಸ್ಕಿಯೂ ಆಗುತ್ತದೆ. ಪೀಪಾಯಿಯ ಮರ ಕೊಟ್ಟ ವೆನಿಲಾದಂಥ ಪರಿಮಳ ಆಲ್ಕೋಹಾಲ್ ಆರಿದ ಮೇಲೂ ಎಲೆಯಲ್ಲಿ ಉಳಿಯುತ್ತದೆ. ವೋಡ್ಕಾ ಹಾಕಿದರೆ ಸುಮ್ನೆ ದಂಡ. ಸಿಹಿ ಲಿಕ್ಯೂರ್‌ಗಳಲ್ಲಿ ಸಕ್ಕರೆ ಜಾಸ್ತಿ, ಎಲೆ ಅಂಟಂಟಾಗಿ ಸರಿಯಾಗಿ ಉರಿಯುವುದಿಲ್ಲ.

ಒಂದು ಟೀ ಚಮಚ ರಮ್ಮನ್ನು ಸಣ್ಣ ಸ್ಪ್ರೇ ಬಾಟಲಿಗೆ ಹಾಕಿ, ಎಲೆಯನ್ನು ಮಗುಚುತ್ತಾ ಸ್ವಲ್ಪ ಸ್ವಲ್ಪವೇ ಚಿಮುಕಿಸಿ. ಒಂದೇ ಕಡೆ ಸುರಿಯಬೇಡಿ. ಕೈಗೆ ಗ್ಲೌಸ್ ಇರಲಿ. ಒದ್ದೆ ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರಿ ತಲೆ ತಿರುಗಿಸಬಲ್ಲದು. ಹತ್ತಿರ ಒಲೆ, ಕಡ್ಡಿ, ಲೈಟರ್ ಯಾವುದೂ ಬೇಡ. ಬೇಗ ಆರಲಿ ಅಂತ ಓವನ್ನಿಗೆ ಇಡುವುದಂತೂ ಬೇಡವೇ ಬೇಡ, ಆಲ್ಕೋಹಾಲಿನ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಆಮೇಲೆ ಗಾಜಿನ ಜಾಡಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ಮೊದಲ ಕೆಲವು ದಿನ ದಿನಕ್ಕೊಮ್ಮೆ ತೆರೆದು ಮಗುಚಿ, ಬೂಷ್ಟು ಇದೆಯಾ ನೋಡಿ. ಕಂಡರೆ ಅಷ್ಟನ್ನೂ ಎಸೆಯಿರಿ. ಎರಡು ವಾರ ಕಳೆಯುವಷ್ಟರಲ್ಲಿ ಮೂಗಿಗೆ ಹೊಡೆಯುವ ಖಾರ ಹೋಗಿ ಘಮ ಎಲೆಗೆ ಹೊಂದಿಕೊಂಡಿರುತ್ತದೆ. ಹಿಂದೆ ಬ್ರಿಟಿಷ್ ನೌಕಾಪಡೆಯ ನಾವಿಕರು ಎಲೆಗೆ ರಮ್ ಸವರಿ, ಕ್ಯಾನ್ವಾಸಿನಲ್ಲಿ ಸುತ್ತಿ, ಹಗ್ಗದಿಂದ ಬಿಗಿದು ಇಡುತ್ತಿದ್ದರು. ಆ ಪಡೆಯಲ್ಲಿ ದಿನವೂ ರಮ್ ಹಂಚುವ ಪದ್ಧತಿ 1970ರಲ್ಲಿ ನಿಂತಿತು. ಎಲೆಯನ್ನು ಒತ್ತಿಟ್ಟು ಕಾಯುವ ಅವರ ಸಹನೆ ನನಗೆ ತುಂಬ ಹಿಡಿಸುತ್ತದೆ.

ಸೇದುವ ಮುಂಚೆ ಒಂದು ಚಿಟಿಕೆ ಹಿಸುಕಿ ಬಿಡಿ. ಮೆಲ್ಲಗೆ ಬಿಚ್ಚಿಕೊಂಡರೆ ಹದ ಸರಿ ಇದೆ. ಮುದ್ದೆಯಾಗೇ ಉಳಿದರೆ ಇನ್ನೂ ಸ್ವಲ್ಪ ಹೊತ್ತು ಗಾಳಿಗಿಡಿ. ರಮ್ ಸೇರಿದ ಮಾತ್ರಕ್ಕೆ ತಂಬಾಕಿನ ಅಪಾಯ ಕಡಿಮೆಯಾಗುವುದಿಲ್ಲ, ಇದುವರೆಗೆ ಸೇದದವರು ಇದಕ್ಕಾಗಿ ಶುರು ಮಾಡಬೇಡಿ. ಜಾಡಿ ಮಕ್ಕಳ ಕೈಗೆ ಸಿಗದಿರಲಿ. ಪೈಪನ್ನೂ ಬೇರೆ ಇಡಿ: ಪೈಪಿನ ಬ್ರಯರ್ ಮರಕ್ಕೆ ಈ ವಾಸನೆ ಹಿಡಿದರೆ, ಆಮೇಲೆ ಅದರಲ್ಲಿ ಏನು ತುಂಬಿದರೂ ರಮ್ಮೇ ಬರುತ್ತದೆ.