ಮಲಬಾರಿನ ತೇಗದ ಹಡಗಿನಲ್ಲಿ ಮನೆಮಂದಿಯೊಂದಿಗೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್‌ನಲ್ಲಿರುವ ಎಚ್‌ಎಂಎಸ್ ಟ್ರಿಂಕೋಮಲಿ ಹಾಯಿಹಡಗನ್ನು ನೋಡಲು ಅಮ್ಮ, ಹೆಂಡತಿ ಮತ್ತು ಮಕ್ಕಳೊಂದಿಗೆ ಹೊರಟಾಗ, ಫಿರಂಗಿಗಳತ್ತ ಓಡುವ ಮಕ್ಕಳಿಗೆ ಮೊದಲು ಮರವನ್ನು ತೋರಿಸಬೇಕೆಂದು ನಾನು ನಿಶ್ಚಯಿಸಿದ್ದೆ. ಬ್ರಿಟನ್ನಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತ್ಯಂತ ಹಳೆಯ ಈ ಯುದ್ಧನೌಕೆಯನ್ನು 1817ರಲ್ಲಿ ನೀರಿಗಿಳಿಸಿದ್ದು ಮುಂಬಯಿಯಲ್ಲಿ. ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರ್ಸಿ ಕುಶಲಕರ್ಮಿಯ ಉಸ್ತುವಾರಿಯಲ್ಲಿ, ಮಲಬಾರಿನ ತೇಗದಿಂದ ಇದು ಸಿದ್ಧವಾಯಿತು.

ಹಿಂದಿನ ರಾತ್ರಿಯೇ ಮಕ್ಕಳಿಗೆ ಒಂದು ಸಂಗತಿ ಹೇಳಿಟ್ಟಿದ್ದೆ. ಈ ಮಾದರಿಯ ಹಡಗಿನ ನಕ್ಷೆಗಳನ್ನು ಮುಂಬಯಿಗೆ ಹೊತ್ತು ತರುತ್ತಿದ್ದ ‘ಜಾವಾ’ ನೌಕೆಯನ್ನು 1812ರಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿದ್ದರಿಂದ ಆ ನಕ್ಷೆಗಳು ಕೈಸೇರದೆ, ಪ್ರತಿಗಳನ್ನು ಮತ್ತೊಮ್ಮೆ ಕಳುಹಿಸಬೇಕಾಯಿತು. ಹೀಗಾಗಿ ಹಡಗು ಹತ್ತುವ ಮೊದಲೇ ಅವರ ಪ್ರಶ್ನೆಗಳು ಸಿದ್ಧವಾಗಿದ್ದವು. ಓಕ್ ಬಿಟ್ಟು ತೇಗವನ್ನೇಕೆ ಬಳಸಿದರು ಎಂದು ಮಗ ಕೇಳಿದಾಗ, ಒಂದು ತೊಲೆಯ ಮೇಲೆ ಅವನ ಕೈಯಿರಿಸಿ ವಿವರಿಸಿದೆ: ನೆಪೋಲಿಯನ್ ಕಾಲದ ಯುದ್ಧಗಳಿಂದಾಗಿ ಇಂಗ್ಲೆಂಡಿನಲ್ಲಿ ಒಳ್ಳೆಯ ಓಕ್ ವಿರಳವಾಗಿತ್ತು; ಮೇಲಾಗಿ ಓಕ್‌ನ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ, ತೇಗದ ಎಣ್ಣೆ ಅವನ್ನು ಕಾಪಾಡುತ್ತದೆ.

ಮಕ್ಕಳನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ನಾವಿಕರು ಮಲಗುತ್ತಿದ್ದ ಕೆಳ ಅಂತಸ್ತು. ಆ ಕಾಲದ ನೌಕಾಪಡೆಯಲ್ಲಿ ಒಬ್ಬನ ತೂಗುಹಾಸಿಗೆಗೆ ಸಿಗುತ್ತಿದ್ದ ಅಗಲ 14 ಇಂಚು. ಜೇಬಿನಲ್ಲಿದ್ದ ಅಳತೆಪಟ್ಟಿಯನ್ನು ಅಷ್ಟಕ್ಕೇ ಎಳೆದು ಹಿಡಿದೆ. ಮಗಳ ಭುಜಗಳು ಅದರೊಳಗೆ ಹಿಡಿಸಿದವು, ನನ್ನವು ಎರಡೂ ಕಡೆ ಹೊರಚಾಚಿದವು. ಸರದಿಯ ಕಾವಲಿನಿಂದಾಗಿ ಅರ್ಧದಷ್ಟು ಜನ ಮೇಲೆಯೇ ಇರುತ್ತಿದ್ದುದರಿಂದ ಪಕ್ಕದವನ ಜಾಗವೂ ಸಿಗುತ್ತಿತ್ತೆಂದು ಹೇಳಿದಾಗ, ಹಾಗಾದರೆ ಬಂದರಿನಲ್ಲಿ ನಿಂತಾಗ ಏನು ಗತಿ ಎಂದಳು. ಒಪ್ಪಬೇಕಾದ ಪ್ರಶ್ನೆಯೇ.

ಫಿರಂಗಿಗಳನ್ನು ಬೇಗ ನೋಡಿ ಮುಗಿಸಿದೆವು. ಒಂದೊಂದು ಗುಂಡೂ 18 ಪೌಂಡು, ಎಂದರೆ ಸುಮಾರು ಎಂಟು ಕಿಲೋ ಎಂಬುದಷ್ಟೇ ಮಗನಿಗೆ ಸಾಕಾಯಿತು. ಯುದ್ಧಗಳು ಮುಗಿದ ಮೇಲೆ 1819ರಲ್ಲಿ ಇಂಗ್ಲೆಂಡಿಗೆ ಬಂದ ಈ ಹಡಗು ಕಾಲು ಶತಮಾನ ಬಂದರಿನಲ್ಲೇ ಕಟ್ಟಿಹಾಕಿಸಿಕೊಂಡಿತ್ತೆಂದು ತಿಳಿದಾಗ ಮಾತ್ರ ಅವನಿಗೆ ನಿರಾಸೆಯಾಯಿತು.

ಹಿರಿಯರನ್ನು ಕರೆದೊಯ್ಯುವವರು ಏಣಿಗಳ ವಿಷಯದಲ್ಲಿ ಮಾತ್ರ ಎಚ್ಚರ ವಹಿಸಬೇಕು. ಅವು ಕಡಿದಾಗಿವೆ, ಮುಖವನ್ನು ಮೆಟ್ಟಿಲಿನತ್ತಲೇ ಇರಿಸಿ ಹಿಂದುಹಿಂದಾಗಿ ಇಳಿಯುವುದೇ ಕ್ಷೇಮ. ಮಂಡಿನೋವಿರುವ ಅಮ್ಮ ಮೇಲಂತಸ್ತಿನಲ್ಲೇ ಉಳಿದರು. ನಾನೂ ಹೆಂಡತಿಯೂ ಸರದಿಯ ಮೇಲೆ ಅವರೊಂದಿಗಿದ್ದೆವು.