ಎಕ್ಸೆಲ್‌ಗೆ ಗುಂಟೆ ಗೊತ್ತಿಲ್ಲ: ಬೆಲ್ಲದ ಗಾಣದ ಯೋಜನಾ ಲೆಕ್ಕದಲ್ಲಿ ಅಳತೆ ಸಂಭಾಳಿಸುವುದು ಹೇಗೆ?

ಮಹಾಲಿಂಗಪುರ–ಮುಧೋಳ ಭಾಗದಲ್ಲಿ ಬೆಲ್ಲದ ಗಾಣ ಹಾಕಲು ಬ್ಯಾಂಕಿಗೆ ಯೋಜನಾ ವರದಿ ಮಾಡುವಾಗ ಹೊಲ ಎಕರೆ-ಗುಂಟೆಯಲ್ಲಿ, ಕಬ್ಬು ಟನ್ನಿನಲ್ಲಿ, ಬೆಲ್ಲ ಕ್ವಿಂಟಲಿನಲ್ಲಿ, ಸಾಲ ಲಕ್ಷದಲ್ಲಿ ಬರುತ್ತವೆ. ಎಕ್ಸೆಲ್‌ಗೆ ಇವೆಲ್ಲ ಬರೀ ಅಂಕಿ. ಟನ್ನಿಗೆ ಕ್ವಿಂಟಲ್ ಕೂಡಿಸಿದರೂ ಅದು ತಕರಾರು ತೆಗೆಯದೆ ಮೊತ್ತ ತೋರಿಸುತ್ತದೆ.

ಆದ್ದರಿಂದ ಮೊದಲು ಮೂಲ ಅಳತೆ ಗೊತ್ತುಮಾಡಿಕೊಳ್ಳಿ: ಹೊಲಕ್ಕೆ ಎಕರೆ, ತೂಕಕ್ಕೆ ಟನ್, ಹಣಕ್ಕೆ ರೂಪಾಯಿ, ಅವಧಿಗೆ ತಿಂಗಳು. ಫೈಲಿನಲ್ಲಿ ಮೂರು ಶೀಟ್ ಇರಲಿ: ನಮೂದು, ಲೆಕ್ಕ, ವರದಿ. ಯಾವ ಅಳತೆಯಲ್ಲಿ ಮಾಹಿತಿ ಬಂದರೂ ನಮೂದು ಶೀಟಿನಲ್ಲೇ ಮೂಲ ಅಳತೆಗೆ ಬದಲಾಗಬೇಕು. ಲೆಕ್ಕದ ಶೀಟಿನೊಳಗೆ ಪರಿವರ್ತನೆ ಬೇಡವೇ ಬೇಡ.

ಹೆಚ್ಚು ಎಡವುವುದು ಹೊಲದ ವಿಸ್ತೀರ್ಣದಲ್ಲಿ. ಉತಾರದಲ್ಲಿ (ಪಹಣಿಯಲ್ಲಿ) 2-20 ಎಂದಿದ್ದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ. ಅಂದರೆ ಇದು 2.5 ಎಕರೆ. ಅವಸರದಲ್ಲಿ 2.20 ಎಂದು ಹೊಡೆದರೆ, ಎಕರೆಗೆ 40 ಟನ್ ಲೆಕ್ಕದಲ್ಲಿ 100 ಟನ್ ಬರಬೇಕಾದಲ್ಲಿ 88 ಟನ್ ಬರುತ್ತದೆ. ಟನ್ನಿಗೆ 3,550 ರೂಪಾಯಿ ಹಿಡಿದರೆ ಕಬ್ಬಿನ ಖರ್ಚಿನಲ್ಲಿ 42,600 ರೂಪಾಯಿ ಖೋತಾ. ಇನ್ನು 2-5 ಎಂದು ಅಡ್ಡಗೆರೆ ಹಾಕಿ ಹೊಡೆದರೆ ಎಕ್ಸೆಲ್ ಅದನ್ನು ತಾರೀಖೆಂದೇ ತಿಳಿಯುತ್ತದೆ. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ. ಮೂರನೆಯದರಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿ. ಗುಂಟೆ ಕಾಲಂಗೆ ಡೇಟಾ ವ್ಯಾಲಿಡೇಶನ್ ಹಾಕಿ, 40 ಅಥವಾ ಅದಕ್ಕೂ ಹೆಚ್ಚಿನ ಅಂಕಿ ಒಳಗೆ ಬರದಂತೆ ತಡೆಯಿರಿ.

ದರದ ವಿಷಯದಲ್ಲಿ ಆಗುವ ತಪ್ಪು ಒಮ್ಮೆಗೇ ಹತ್ತು ಪಟ್ಟಿನದು. 2025-26ರ ಹಂಗಾಮಿಗೆ ಕೇಂದ್ರ ಘೋಷಿಸಿದ ಎಫ್‌ಆರ್‌ಪಿ (ಸಕ್ಕರೆ ಕಾರ್ಖಾನೆಗಳು ಕಬ್ಬಿಗೆ ಕೊಡಬೇಕಾದ ಕನಿಷ್ಠ ದರ), 10.25% ಸಕ್ಕರೆ ಇಳುವರಿಗೆ, ಕ್ವಿಂಟಲ್ ಕಬ್ಬಿಗೆ 355 ರೂಪಾಯಿ. ನಮ್ಮಲ್ಲಿ ಮಾತೆಲ್ಲ ಟನ್ನಿನ ಮೇಲೆ. 355ನ್ನೇ ಟನ್ನಿನ ಕಾಲಂಗೆ ಹಾಕಿದರೆ ಗಾಣ ಕಾಗದದ ಮೇಲೆ ಭರ್ಜರಿ ಲಾಭ ಕಾಣಿಸುತ್ತದೆ! ಅಂಕಿಯ ಪಕ್ಕದ ಕಾಲಂನಲ್ಲಿ ‘ರೂ./ಟನ್’ ಎಂದು ಬರೆದಿಡುವುದು ಇದಕ್ಕಾಗಿಯೇ. ಸೂತ್ರ ಬರೆಯುವ ಮುನ್ನ ಅಳತೆಗಳನ್ನಷ್ಟೇ ಗುಣಿಸಿ ನೋಡಿ: ಎಕರೆ × ಟನ್/ಎಕರೆ × ರೂ./ಟನ್. ಎಕರೆಗೆ ಎಕರೆ, ಟನ್ನಿಗೆ ಟನ್ ಹೊಡೆದುಹೋಗಿ ರೂಪಾಯಿ ಮಾತ್ರ ಉಳಿದರೆ ಸೂತ್ರ ಸರಿ.

ಅಂಕಿಯ ಸೆಲ್‌ನಲ್ಲೇ ‘100 ಟನ್’ ಎಂದು ಬರೆಯಬಾರದು. ಅದು ಅಕ್ಷರವಾಗಿಬಿಡುತ್ತದೆ, ಸಮ್ ಫಂಕ್ಷನ್ ಅದನ್ನು ಸದ್ದಿಲ್ಲದೆ ಬಿಟ್ಟು ಉಳಿದವನ್ನಷ್ಟೇ ಕೂಡಿಸುತ್ತದೆ. ಟನ್ ಎಂಬುದು ಕಣ್ಣಿಗೆ ಕಾಣಲೇಬೇಕೆಂದರೆ ಕಸ್ಟಮ್ ನಂಬರ್ ಫಾರ್ಮ್ಯಾಟಿನಲ್ಲಿ ಸೇರಿಸಿ. ಒಳಗಿನ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ಪರಿವರ್ತನೆಯ ಅಂಕಿಗಳನ್ನು (ಟನ್ನಿಗೆ 10 ಕ್ವಿಂಟಲ್, ಎಚ್‌ಪಿಗೆ 0.746 ಕಿಲೋವ್ಯಾಟ್, ಹೆಕ್ಟೇರಿಗೆ 2.471 ಎಕರೆ) ಒಂದು ಕಡೆ ಬರೆದು ಹೆಸರು ಕೊಡಿ. ಸೂತ್ರದ ನಡುವೆ ಬರೀ 10 ಎಂದಿದ್ದರೆ ಮುಂದೆ ನೋಡುವವರಿಗೆ ಅದು ಕ್ವಿಂಟಲೋ, ಬೆಲ್ಲದ ಶೇಕಡಾವಾರು ಇಳುವರಿಯೋ ತಿಳಿಯದು. ಎಕ್ಸೆಲ್‌ನ ಕನ್ವರ್ಟ್ ಫಂಕ್ಷನ್ ನೆಚ್ಚಿಕೊಳ್ಳಬೇಡಿ: ಅದರಲ್ಲಿ ಕ್ವಿಂಟಲ್ ಇಲ್ಲ, ಗುಂಟೆಯಂತೂ ಇಲ್ಲವೇ ಇಲ್ಲ. ಅಲ್ಲಿ ‘ಟನ್’ ಎಂದು ಕೊಟ್ಟರೆ ಅಮೆರಿಕದ ಸುಮಾರು 907 ಕೆ.ಜಿ. ಟನ್ ಸಿಗುತ್ತದೆ.

ಬಡ್ಡಿಯಲ್ಲಿ 12 ಎಂದಷ್ಟೇ ಬರೆದರೆ ಸೂತ್ರ ಅದನ್ನು 1200% ಎಂದು ಓದುತ್ತದೆ. 12% ಎಂದು ಬರೆದು, ತಿಂಗಳ ಕಂತಿನ ಲೆಕ್ಕಕ್ಕೆ 12ರಿಂದ ಭಾಗಿಸಿ.

ಬ್ಯಾಂಕಿನವರು ಲಕ್ಷದಲ್ಲಿ ಕೇಳುತ್ತಾರೆ. ಎಕ್ಸೆಲ್‌ನ ಫಾರ್ಮ್ಯಾಟ್ ಸಾವಿರದಿಂದ ಭಾಗಿಸಿ ತೋರಿಸಬಲ್ಲದು, ಲಕ್ಷಕ್ಕೆ ಅಂಥ ಸೌಲಭ್ಯವಿಲ್ಲ. ಹಾಗಾಗಿ ವರದಿ ಶೀಟಿನಲ್ಲಿ ಮಾತ್ರ 1,00,000ದಿಂದ ಭಾಗಿಸಿ, ತಲೆಬರಹದಲ್ಲೇ ‘ಲಕ್ಷ ರೂ.ಗಳಲ್ಲಿ’ ಎಂದು ಹಾಕಿ. ಕೊನೆಗೆ ಕಬ್ಬಿನ ಒಟ್ಟು ಖರ್ಚನ್ನು ಎಕರೆಯಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ ಎಕರೆಗೆ 1,42,000 ರೂಪಾಯಿ ಬರಬೇಕು. 14,200 ಬಂದರೆ ಎಲ್ಲೋ ಕ್ವಿಂಟಲ್ ನುಸುಳಿದೆ, ನಮೂದು ಶೀಟಿಗೆ ವಾಪಸ್ ಹೋಗಿ.