ಹಳ್ಳಿ ಮಕ್ಕಳಿಗೆ ಟೆಕ್ ಟ್ರೇನಿಂಗ್: ದುಡ್ಡು ಹೊಂದಿಸೋದು ಹೇಗೆ?

ಟ್ರೇನಿಂಗ್ ಫ್ರೀ ಅಂದ್ರೂ ಉತ್ತರ ಕನ್ನಡದ ಜೋಯಿಡಾ, ಯಲ್ಲಾಪುರ ಕಡೆಯ ಸಿದ್ದಿ, ಕುಣಬಿ, ಗೌಳಿ ಸಮುದಾಯದ ಮಕ್ಕಳು ಅರ್ಧಕ್ಕೇ ಯಾಕೆ ಬಿಟ್ಟು ಹೋಗ್ತಾರೆ? ಫೀಸಿಗಿಂತ ದೊಡ್ಡ ಖರ್ಚು ಬೇರೆ ಇದೆ, ಬಸ್ಸು, ಊಟ, ಉಳ್ಕೊಳ್ಳೋಕೆ ಜಾಗ, ತಪ್ಪಿ ಹೋಗೋ ಕೂಲಿ. ನಿಮ್ಮ ಸಂಘ ಇಂಥ ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ಇಲ್ಲಿಂದಲೇ ಲೆಕ್ಕ ಶುರು ಮಾಡಿ.

ಮೊದ್ಲು ಸರ್ಕಾರದ್ದು ಏನಿದೆ ನೋಡಿ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಟ್ರೇನಿಂಗ್ ಜೊತೆ ಊಟ, ವಸತಿನೂ ಫ್ರೀ. 2014ರಲ್ಲಿ ಶುರುವಾದ ಕೇಂದ್ರದ ಕೌಶಲ ತರಬೇತಿ ಯೋಜನೆ ಡಿಡಿಯು-ಜಿಕೆವೈ 15ರಿಂದ 35 ವರ್ಷದ ಬಡ ಗ್ರಾಮೀಣ ಯುವಕರಿಗೆ, ಹೆಣ್ಮಕ್ಕಳಿಗೆ 45ರವರೆಗೂ ಅವಕಾಶ ಇದೆ. ಕೌಶಲ ತರಬೇತಿಗೆ ರಾಜ್ಯದ್ದು ಕೌಶಲ್ಕರ್ ಪೋರ್ಟಲ್, ಅಲ್ಲಿ ಹೆಸರು ನೋಂದಾಯಿಸಿ. ಇಲ್ಲಿ ಸಿಗೋದಕ್ಕೆ ಮತ್ತೆ ಬೇರೆಯವ್ರ ಹತ್ರ ಕೈ ಚಾಚಬೇಡಿ.

ಆಮೇಲೆ ಉಳಿದ ಕೊರತೆಗೆ ಕಂಪನಿಗಳ ಸಿಎಸ್‌ಆರ್, ಅಂದ್ರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡ್ಬೇಕು, ಉದ್ಯೋಗ ಕೌಶಲ ಅದ್ರ ಪಟ್ಟಿಯಲ್ಲೇ ಇದೆ, ತಾವಿರೋ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡ್ಬೇಕು ಅಂತಲೂ ಇದೆ. ಹಾಗಾಗಿ ಕಾರವಾರದವ್ರು ಕೈಗಾ ಅಣು ವಿದ್ಯುತ್ ಸ್ಥಾವರಕ್ಕೂ ಒಂದು ಅರ್ಜಿ ಹಾಕಿ ನೋಡಿ. ಆದ್ರೆ ಸಿಎಸ್‌ಆರ್ ದುಡ್ಡು ತಗೊಳ್ಳೋ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ನಂಬರ್, ಅದೇ ಥರದ ಕೆಲಸದಲ್ಲಿ 3 ವರ್ಷದ ಅನುಭವ ಬೇಕು. ಹೊಸ ಯುವಕ ಸಂಘಕ್ಕೆ ಇದೆಲ್ಲಿಂದ ಬರ್ಬೇಕು? ಸಿರ್ಸಿ, ಕುಮಟಾ ಕಡೆ ಹಳೇ ಟ್ರಸ್ಟ್ ಒಂದನ್ನ ಹುಡ್ಕಿ ಅವ್ರ ಹೆಸರಲ್ಲಿ ಅರ್ಜಿ ಹಾಕಿ, ಹಳ್ಳಿಯ ಕೆಲಸ ನೀವು ಮಾಡಿ, ಯಾರ ಜವಾಬ್ದಾರಿ ಏನು ಅನ್ನೋದನ್ನ ಮೊದಲೇ ಬರೆದಿಟ್ಕೊಳ್ಳಿ.

ಬಜೆಟ್ ಬರೆಯೋದು ಮುಖ್ಯ. ಉದಾಹರಣೆಗೆ 20 ಮಕ್ಕಳು, 3 ತಿಂಗಳ ನೆಟ್‌ವರ್ಕ್ ಕೇಬಲ್, ಸಿಸಿಟಿವಿ ಕೋರ್ಸ್ ಅಂದ್ಕೊಳ್ಳಿ. ಊಟ, ಓಡಾಟಕ್ಕೆ ತಲೆಗೆ ತಿಂಗಳಿಗೆ 2,000 ರೂಪಾಯಿ ಹಾಕಿದ್ರೂ 1,20,000 ಆಯ್ತು. ಶಕ್ತಿ ಯೋಜನೆಯಿಂದ ಹುಡುಗೀರಿಗೆ ಟಿಕೆಟ್ ಇಲ್ಲ ನಿಜ, ಆದ್ರೆ ಸಂಜೆಯ ಕಡೇ ಬಸ್ ತಪ್ಪಿದ್ರೆ ಕಾಡಿನ ದಾರೀಲಿ ಮನೆಗೆ ಹೋಗೋದು ಹೇಗೆ? ಅದಕ್ಕೇ ಹಾಸ್ಟೆಲ್ ಖರ್ಚು ಬೇರೆ ಸಾಲಲ್ಲಿ ಬರೀರಿ, ಹಂಗೇ ಮೊಬೈಲ್ ಡೇಟಾ, ಕರೆಂಟ್ ಹೋದಾಗ ಇನ್ವರ್ಟರ್ ಎಲ್ಲ. ಯಾವ ಸಾಲು ಯಾವ ಯೋಜನೆಯಿಂದ ಬರುತ್ತೆ ಅಂತ ಪಕ್ಕದಲ್ಲೇ ತೋರಿಸಿದ್ರೆ ದುಡ್ಡು ಕೊಡೋರಿಗೂ ನಂಬಿಕೆ ಬರುತ್ತೆ.

ಬ್ಯಾಚ್ ಯಾವಾಗ ಅನ್ನೋದೂ ದುಡ್ಡಿನ ವಿಷ್ಯವೇ. ಘಟ್ಟದ ಮೇಲೆ ಅಡಿಕೆ ಕೊನೆಕೊಯ್ಲಿನ ಟೈಮಲ್ಲಿ ಕೂಲಿ ಬಿಟ್ಟು ಯಾರೂ ಬರಲ್ಲ. ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಬೋಟಿಗೆ ಹೋಗೋ ಹುಡುಗ್ರು ಊರಲ್ಲೇ ಇರ್ತಾರೆ. ಮಳೆಗೆ ಕರೆಂಟ್ ಕೈ ಕೊಟ್ರೂ ಅವ್ರಿಗೆ ಅದೇ ಸರಿಯಾದ ಕಾಲ.

ಇನ್ನೊಂದು, ಕೆಲಸ ಸಿಕ್ಕಿದ ಮೇಲಿನ ಮೊದಲ ತಿಂಗಳು. ಹುಬ್ಬಳ್ಳಿನೋ ಬೆಂಗಳೂರೋ, ಪಿಜಿ ಅಡ್ವಾನ್ಸ್ ಮೊದಲೇ ಕಟ್ಬೇಕು, ಸಂಬಳ ಬರೋದು ತಿಂಗಳ ಕೊನೆಗೆ. ಅದನ್ನೂ ಬಜೆಟ್ಟಲ್ಲಿ ಬರೀರಿ.